ಸುಳ್ಳು ಹೇಳದ ಟ್ರೂಕೊ

ತಾಕ್ವರೆಂಬೊ,
ಜೂನ್ ೧೨, ಮಂಗಳವಾರ

ಮುದ್ದಿನ ಮಾಗೆಲಾ,

ಹೇಗಿದ್ದೀಯೆ? ಕೆಮ್ಮು ಹೋಯಿತೇ? ಹೋಯಿತು ಎಂದು ಅಜ್ಜಿಗೆ ಹೇಳಿದ್ದೀಯಂತೆ, ನಾನು ನಂಬಿಲ್ಲ. ಮೊಂತೆವಿದೇವೊದ ಕಡಲ ಗಾಳಿಯಲ್ಲಿ, ಹೊತ್ತಿಗೆ ಸರಿಯಾಗಿ ಊಟವಿಲ್ಲದೆ ಕೂತವಳಿಗೆ ಕೆಮ್ಮು ಹೇಗೆ ಹೋದೀತು? ನಾವು ಚೆನ್ನಾಗಿದ್ದೇವೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಆಟ ಹಾಕಿಕೊಟ್ಟ ಫೋನು ನಮ್ಮ ಮಾತನ್ನೂ ಕದ್ದು ಕೇಳುತ್ತದೆ ಎಂದು ಪಕ್ಕದ ಮನೆಯ ಹೇಬರನಿಗೆ ಗುಮಾನಿ. ನನಗೂ ಇಲ್ಲವೆಂದಲ್ಲ. ಅದಕ್ಕೇ ಈ ಕಾಗದ, ಇವತ್ತಿನ ಬಸ್ಸಿನಲ್ಲೇ ಕಳಿಸುತ್ತಿದ್ದೇನೆ.

ವರ್ಷಗಟ್ಟಲೆ ಒದ್ದಾಡಿ ಮಾಡಿದ ನಿನ್ನ ಟ್ರೂಕೊ ಇಸ್ಪೀಟಾಟ ಈ ಶುಕ್ರವಾರ ಹೊರಗೆ ಬರುತ್ತದಂತೆ. ಅದು ಓಡದಿದ್ದರೆ ನಿಮ್ಮ ಕಚೇರಿಗೆ ಬೀಗವೇ ಎಂದು ನಿನ್ನಮ್ಮ ಹೇಳಿದಳು. ಬೇಸಿಗೆಯಲ್ಲಿ ಬಂದು, ಬೋಚಾಸ್ ಚೆಂಡಾಟದ ಕ್ಲಬ್ಬಿನ ನಮಗೆಲ್ಲ ಫೋನಿನಲ್ಲಿ ಅದನ್ನು ಹಾಕಿಕೊಟ್ಟು, "ಸುಮ್ನೆ ಆಡ್ತಾ ಇರಿ ತಾತ, ಬೇರೇನೂ ಬೇಡ" ಎಂದು ಬಸ್ಸು ಹತ್ತಿದೆ. ನಾವು ಆಡುವುದರಲ್ಲಿ ಏನು ನೋಡುತ್ತೀಯೆ, ಯಾಕೆ ನೋಡುತ್ತೀಯೆ, ಒಂದು ಮಾತಿಲ್ಲ. ಎಲೆ ಹಂಚುವುದು ನಿಧಾನ ಎಂದು ನಾನು ಅದರಲ್ಲೇ ಬರೆದೆ. ಕಣ್ಣು ಮಿಟುಕಿಸುವುದರೊಳಗೆ "ನಿಮ್ಮ ಅಭಿಪ್ರಾಯಕ್ಕೆ ಧನ್ಯವಾದಗಳು" ಎಂದು ಬಂತು. ಹೇಬರ್ ಬೇಕೆಂದೇ ತನ್ನ ನಾಯಿಯ ಹೊಟ್ಟೆನೋವಿನ ಬಗ್ಗೆ ಬರೆದ. ಅವನಿಗೂ ಅದೇ ಧನ್ಯವಾದ! ಆವತ್ತು ಅವನು ಮಾಟೆ ಕುಡಿಯುವುದನ್ನು ಬಿಟ್ಟು, "ನೋಡೋ ವಿಲ್ಸನ್, ನಿನ್ ಮೊಮ್ಮಗಳು ಆಟ ಮಾಡ್ತಿಲ್ಲ. ಯಾರ್ ಎಷ್ಟು ಸುಳ್ಳು ಹೇಳ್ತಾರೆ ಅಂತ ಬರ್ಕೊಳ್ತಿದಾಳೆ. ನಾಳೆ ಬ್ಯಾಂಕಿನೋರಿಗೆ ಮಾರ್ಕೊಂಡ್ರೆ?" ಎಂದ. ನಿನ್ನಜ್ಜಿ ನೂರಿ ಬಿಡುತ್ತಾಳೆಯೇ? "ನಿಂಗೆ ಸಾಲ ಕೊಡೋ ಬ್ಯಾಂಕು ಎಲ್ಲಿದೆಯಪ್ಪಾ ಹೇಬರ್?" ಎಂದಳು.

ನಿನ್ನೆ ಅದೇ ಆಟವನ್ನು ತಿದ್ದಿ ಹೊಸದೊಂದು ಕಳಿಸಿದೆಯಲ್ಲ, ಅದರೊಳಗಿನ ಎದುರಾಳಿ ಥೇಟ್ ಪಾದ್ರಿ. ಕೈಯಲ್ಲಿ ಒಳ್ಳೆಯ ಎಲೆಯಿದ್ದರೆ ಮಾತ್ರ ಪಣ ಏರಿಸಿ "ಟ್ರೂಕೊ!" ಎಂದು ಕೂಗುತ್ತದೆ. ಬರಿಗೈಯಲ್ಲಿ ಕೂಗಲು ನಮ್ಮನ್ನೂ ಬಿಡುವುದಿಲ್ಲ. ಜೊತೆಗಾರನಿಗೆ ಹುಬ್ಬು ಹಾರಿಸುವ, ತುಟಿ ಕಚ್ಚಿ ತೋರಿಸುವ ಸನ್ನೆಗಳೂ ಮಾಯ. ಕೆಳಗೆ ಸಣ್ಣ ಅಕ್ಷರದಲ್ಲಿ, "ಪರೀಕ್ಷೆಗಾಗಿ ಆಡಿದವರು ಬಳಸದ ಕಾರಣ ಹುಸಿಕೂಗು, ಸನ್ನೆಗಳನ್ನು ತೆಗೆಯಲಾಗಿದೆ" ಎಂದಿದೆ. ಬರಿಗೈಯಲ್ಲಿ ಕೂಗಿ ಎದುರಿನವನ ಜೀವ ಬಾಯಿಗೆ ತರುವುದನ್ನು ಬಿಟ್ಟರೆ ಟ್ರೂಕೊದಲ್ಲಿ ಇನ್ನೇನಿದೆಯೇ? ಅದನ್ನು ನನ್ನ ತೊಡೆಯ ಮೇಲೆ ಕೂತು ಕಲಿತವಳು ನೀನು. ಹಾಗಿರುವಾಗ ಈ ಕಾರಣವನ್ನು ನಾನು ನಂಬಬೇಕೇ? ರಾಜಧಾನಿಯ ಜನರೆದುರು ನಿನಗೆ ನಮ್ಮ ಬಗ್ಗೆ ನಾಚಿಕೆಯಾಗಿರಬೇಕು ಎಂದು ನನ್ನ ಅನುಮಾನ. ಮನಸ್ಸಿಗೆ ನೋವಾಗಿದೆ, ಮಾಗೆಲಾ.

ಅಜ್ಜಿ ಇದರ ಜೊತೆ ಸಿಹಿ ಕಳಿಸುತ್ತಿದ್ದಾಳೆ, ಗೆಳತಿಯರಿಗೆ ಹಂಚಿ ಖಾಲಿ ಮಾಡಬೇಡ. ದೇವರು ನಿನ್ನನ್ನು ಬೆಚ್ಚಗಿಟ್ಟಿರಲಿ.

ನಿನ್ನ ತಾತ,
ವಿಲ್ಸನ್

ತಾ.ಕ.: ಕಾಗದ ಓದಿದ ನಿನ್ನಜ್ಜಿ, "ಅರ್ಧ ಬರ್ದಿದೀಯ, ಇನ್ನರ್ಧ ಯಾರು ಬರೀತಾರೆ?" ಎಂದು ಪೆನ್ನನ್ನು ಮತ್ತೆ ಕೈಗಿಟ್ಟಳು. ಬಸ್ಸಿಗೆ ಹೊತ್ತಾಯಿತು, ಬೇಗ ಹೇಳಿಬಿಡುತ್ತೇನೆ. ನೀನು ನೋಡುತ್ತಿದ್ದೀಯೆ ಎಂದು ಆ ಫೋನಿನಲ್ಲಿ ನಾವು ಯಾರೂ ಒಂದು ಸಲವೂ ಬರಿಗೈಯಲ್ಲಿ ಕೂಗಲಿಲ್ಲ. ಇಡೀ ಕ್ಲಬ್ಬು ಸಾಧುಗಳ ಹಾಗೆ ಆಡಿ, ಫೋನನ್ನು ಡ್ರಾಯರಿಗೆ ಹಾಕಿ, ಆಮೇಲೆ ನಮ್ಮ ಹಳೆಯ ಎಲೆಗಳನ್ನು ತೆಗೆದು ಮನಸಾರೆ ಸುಳ್ಳು ಹೇಳಿಕೊಂಡಿದ್ದೇವೆ. ನಿನಗೆ ಕಂಡದ್ದು ನಮ್ಮ ಹೆದರಿಕೆ ಮಾತ್ರ. ಶುಕ್ರವಾರ ಆ ಆಟವನ್ನು ಹಾಗೇ ಹೊರಗೆ ಬಿಡಬೇಡ. ಯಾಕೆ ಹೀಗೆ ಆಡುತ್ತೀರಿ ಎಂದು ಒಂದು ಸಲ ಕೇಳಿದ್ದರೆ ಮೊದಲ ವಾರವೇ ಹೇಳುತ್ತಿದ್ದೆವು. ಈಗಲಾದರೂ ಕೇಳು, ಮಗಳೇ.