ಗೇಣುದ್ದ ಹಾಸು

ಗದಗ
೧೬ ಅಕ್ಟೋಬರ್ ೨೦೨೨

ಪ್ರೀತಿಯ ಗೆಳತಿ ರೋಹಿಣಿಗೆ,

ರಬಕವಿಯಲ್ಲಿ ನೀವೆಲ್ಲ ಕ್ಷೇಮವೆಂದು ನಂಬಿದ್ದೇನೆ. ನೀನು ಆರು ಸಲ ಫೋನು ಮಾಡಿದೆ, ನಾನು ಎತ್ತಲಿಲ್ಲ. ಬೈದುಕೊಂಡಿರುತ್ತೀ. ಬೈಯುವಂಥದ್ದೇ. "ಅವ್ವ ಹೆಂಗದಾಳಲೇ, ಮಗ್ಗ ಮತ್ತ ನಡೀತೈತೇನು?" ಎಂದು ನೀನು ಮೊಬೈಲಿಗೆ ಕಳಿಸಿದ ಒಂದು ಸಾಲಿಗೆ ಒಂದು ಸಾಲಿನ ಉತ್ತರ ನನ್ನಲ್ಲಿರಲಿಲ್ಲ. ಅದಕ್ಕೇ ಎಷ್ಟೋ ವರ್ಷದ ಮೇಲೆ ಕಾಗದ ಹಿಡಿದು ಕೂತಿದ್ದೇನೆ.

ಮೊದಲು ಒಳ್ಳೆಯ ಸುದ್ದಿ. ನಿನ್ನವ್ವ ಬನಶಂಕರೆವ್ವ ಆರಾಮಿದ್ದಾಳೆ. ಬೆಟಗೇರಿಯ ನಮ್ಮ ಹಳೆಯ ಓಣಿಗೆ ಹಳ್ಳದ ನೀರು ನುಗ್ಗಿದ ದಿನ ಎದುರುಮನೆಯ ಅಮೀನಬಿ ಅವಳನ್ನು ಕೈಹಿಡಿದು ತನ್ನ ಮಾಳಿಗೆಗೆ ಹತ್ತಿಸಿದಳು. ಎರಡು ದಿನ ಅಲ್ಲಿಯೇ ಕೂತು, "ಮಳಿ ಬರವಲ್ದು, ಮಳಿ ಬರವಲ್ದು ಅಂತಿದ್ರಲ್ಲ, ಈಗ ತಗೋರಿ" ಎಂದು ಓಣಿಯವರನ್ನೇ ಗದರಿಸುತ್ತಿದ್ದಳಂತೆ.

ನೀರಿಳಿದ ಮೂರನೆಯ ದಿನ ನಾನು ಶಾಲೆಯ ಪಾಠಕ್ಕೆ ರಜೆ ಹಾಕಿ, ಗದಗಿನ ನಮ್ಮ ಸೇವಾ ಬಳಗದ ಜೊತೆ ಅಲ್ಲಿಗೆ ಹೋದೆ. ಬಳಗವೆಂದರೆ ಇಪ್ಪತ್ತು ಜನ, ಒಂದು ಬ್ಯಾನರು, ನಾಲ್ಕು ಸಲಿಕೆ. ಮುಂದಾಳು ಸುಶ್ಮಿತಾ, ಸಗಟು ಕಿರಾಣಿ ವ್ಯಾಪಾರಿಗಳ ಮನೆಯ ಸೊಸೆ. ಓಣಿಯಲ್ಲಿ ಮೊಣಕಾಲುದ್ದ ಕೆಸರು, ಸತ್ತ ಹಂದಿಯ ನಾತ. ಇವರು ಮೊದಲು ಹುಡುಕಿದ್ದು ಬ್ಯಾನರು ಕಟ್ಟಲು ಎರಡು ಕಂಬ. ಶೇಖವ್ವನೆಂಬ ಮುದುಕಿಗೆ ಅಕ್ಕಿ ಚೀಲ ಕೊಟ್ಟರು, ಮತ್ತೆ ಕಸಿದುಕೊಂಡರು. "ಅಜ್ಜಿ, ಇನ್ನೊಮ್ಮಿ ತಗೋರಿ, ಫೋಟೋ ಮಸುಕು ಬಂತು" ಅಂದರು. ಮೂರನೆಯ ಸಲಕ್ಕೆ ಆಕೆ, "ನೀವ ಒಯ್ರಿ ಯವ್ವಾ, ನಿಮಗ ಭಾಳ ಹಸಿವಿ ಆಗೇತಿ" ಎಂದು ಒಳಗೆ ಹೋದಳು. ನನಗೆ ನಗುವೂ ಬಂತು, ನಾಚಿಕೆಯೂ ಬಂತು.

ಬಟ್ಟೆಯ ಗಂಟುಗಳ ಕಥೆ ಕೇಳು. ಗುಂಡಿ ಕಿತ್ತ ಶರಟು, ಒಂದೇ ತೋಳಿನ ಕುಪ್ಪಸ, ಯಾರೋ ಉಟ್ಟು ಬಿಟ್ಟ ಒಳಬಟ್ಟೆ, ಬೆವರಿನ ಕಲೆ ಹಾಗೆಯೇ! ತಲೆತಲಾಂತರದಿಂದ ಊರಿಗೆಲ್ಲ ಸೀರೆ ನೇಯ್ದ ಓಣಿಗೆ ಇವರು ತಮ್ಮ ಕಪಾಟಿನ ಹೊಲಸು ತಂದು ಸುರಿದರು. ಹೆಂಗಸರು ಅವನ್ನು ಕಾಲಿನಿಂದಲೂ ಮುಟ್ಟಲಿಲ್ಲ. ಸುಶ್ಮಿತಾ ನನ್ನ ಕಿವಿಯಲ್ಲಿ, "ಎಷ್ಟ ಸೊಕ್ಕ ನೋಡ್ರಿ ಮೇಡಂ" ಅಂದಳು. ನಾನು ಮುಂದಿನ ಗಂಟು ಬಿಚ್ಚಿದೆ.

ಎಲ್ಲರೂ ಹಾಗೆ ಎಂದರೆ ತಪ್ಪಾದೀತು. ಯಳವತ್ತಿಯಿಂದ ಸಂಗಪ್ಪ ಎಂಬ ರೈತ ಟ್ರ್ಯಾಕ್ಟರಿನಲ್ಲಿ ರೊಟ್ಟಿ, ಶೇಂಗಾ ಚಟ್ನಿ ತಂದಿದ್ದ. ಹಂಚಿ ಮುಗಿಸಿ, ಲುಂಗಿ ಎತ್ತಿ ಕಟ್ಟಿ ಗಟಾರಕ್ಕೆ ಇಳಿದವನು ಸಂಜೆಯವರೆಗೆ ಮೇಲೆ ಬರಲಿಲ್ಲ. ಅವನ ಫೋಟೋ ಯಾರೂ ತೆಗೆಯಲಿಲ್ಲ.

ಈಗ ಮಗ್ಗದ ವಿಷಯ. ನೇಯುವವರು ಕಾಲಿಳಿಬಿಟ್ಟು ಕೂರುವ ಕುಣಿಯ ತುಂಬ ಕೆಸರು ನಿಂತಿತ್ತು. ಮರ ಮಾತ್ರ ಗಟ್ಟಿಯಾಗಿಯೇ ಉಳಿದಿದೆ. ಆದರೆ ಎಳೆಗಳು ಹಾಯುವ ಹಣಿಗೆ ಬರಿದಾಗಿದೆ, ರೋಹಿಣಿ.

ನಮ್ಮ ಮನೆಗಳ ಕಟ್ಟಳೆ ನಿನಗೆ ಹೇಳಬೇಕಾಗಿಲ್ಲ. ಆ ದಿನ ಸುಶ್ಮಿತಾಗೆ ಹೇಳಬೇಕಾಗಿದ್ದದ್ದನ್ನು ಈಗ ನಿನಗೆ ಹೇಳುತ್ತಿದ್ದೇನೆ, ಅಷ್ಟೇ. ಸೀರೆ ಮುಗಿದಾಗ ಬಟ್ಟೆ ಕೊಯ್ದುಕೊಂಡರೂ ಗೇಣುದ್ದ ಹಾಸು, ಅಂದರೆ ಉದ್ದನೆಯ ಎಳೆಗಳನ್ನು, ಹಣಿಗೆಯಲ್ಲಿ ಉಳಿಸಬೇಕು. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಎಳೆಗೆ ಹೊಸೆದು ಕೆಚ್ಚಿದರೆ ದಡಿಯ, ಅಂದರೆ ಸೀರೆಯಂಚಿನ, ಎಳೆಗಳ ಲೆಕ್ಕ ತಾನಾಗಿಯೇ ಮುಂದೆ ಸಾಗುತ್ತದೆ. ಬರಿ ಹಣಿಗೆ ಇಟ್ಟ ಮನೆಯಲ್ಲಿ ನಮ್ಮವರು ನೀರು ಸಹ ಕುಡಿಯುತ್ತಿರಲಿಲ್ಲ. ನಿನ್ನಪ್ಪ ಗೋವಿಂದಪ್ಪಕಾಕಾ ತಾವೇ ಕೂಡಿಸಿದ ದಡಿಯ ಲೆಕ್ಕ ಅವರ ತಲೆಯಲ್ಲಿತ್ತು. ಅವರು ಹೋದ ಮೇಲೆ ಆ ಗೇಣುದ್ದ ಹಾಸಿನಲ್ಲಿ ಮಾತ್ರ ಉಳಿದಿತ್ತು. ನಿನ್ನವ್ವನಿಗೆ ಕೆಚ್ಚಲು ಬರುತ್ತದೆ, ನೇಯಲು ಬರುತ್ತದೆ. ಬರಿ ಹಣಿಗೆಗೆ ಮೊದಲಿನಿಂದ ಎಳೆ ತುಂಬಲು ಬರುವುದಿಲ್ಲ.

ಕೆಸರು ಮೆತ್ತಿ ಜೋಲುತ್ತಿದ್ದ ಆ ಎಳೆಗಳನ್ನು ಬಳಗದವರು ಕಸವೆಂದು ಕತ್ತರಿಸಿ, ಬುಟ್ಟಿಗೆ ತುಂಬಿ ಕಸದ ಟ್ರ್ಯಾಕ್ಟರಿಗೆ ಸುರಿದರು. ಹಣಿಗೆಯನ್ನು ಬ್ರಷ್ಷಿನಿಂದ ತಿಕ್ಕಿ ಫಳಫಳ ಹೊಳೆಸಿಟ್ಟರು. ಹಾಳಾದ ಕೈಗಳು ಕೆಲಸವನ್ನು ಮಾತ್ರ ಅಚ್ಚುಕಟ್ಟಾಗಿಯೇ ಮಾಡಿದವು. ನಿನ್ನವ್ವ ಬಂದು ನೋಡಿ, ಹಣಿಗೆಯ ಹಲ್ಲುಗಳ ಮೇಲೆ ಒಮ್ಮೆ ಬೆರಳಾಡಿಸಿ, "ಸ್ವಚ್ಛ ಆತು ನೋಡ್ರಿ" ಅಂದಳು. ಸುಶ್ಮಿತಾ ಅದನ್ನು ಹೊಗಳಿಕೆಯೆಂದುಕೊಂಡು ಕೈಮುಗಿದಳು.

ನಿನ್ನ ಬಳಿ ಆ ದಡಿಯ ಹಳೆಯ ಸೀರೆ ಒಂದಾದರೂ ಇದ್ದರೆ ಕೂಡಲೇ ಕಳಿಸು. ಹರಿದಿದ್ದರೂ ನಡೆದೀತು. ಅದನ್ನು ನೋಡಿ ಲೆಕ್ಕ ಬಿಡಿಸುವವರು ರಬಕವಿಯಲ್ಲಿ ಯಾರಾದರೂ ಇದ್ದಾರೆಯೇ, ವಿಚಾರಿಸು. ಇಲ್ಲಿ ನಾನು ಕೇಳಿದವರೆಲ್ಲ ಇಲ್ಲವೆಂದು ತಲೆಯಾಡಿಸಿಬಿಟ್ಟರು. ಬಳಗಕ್ಕೆ ನಾನಿನ್ನು ಹೋಗುವುದಿಲ್ಲ.

ಮಕ್ಕಳಿಗೆ ನನ್ನ ಆಶೀರ್ವಾದ ಹೇಳು. ತಾಯಿ ಬನಶಂಕರಿದೇವಿ ನಿಮ್ಮನ್ನು ತಣ್ಣಗಿಟ್ಟಿರಲಿ.

ನಿನ್ನ,
ಶಾಕಂಬರಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಮೇಲೆ "ಬಳಗದವರು" ಎಂದು ಬರೆದೆನಲ್ಲ, ಅದು ಸುಳ್ಳು. ಕತ್ತರಿ ನನ್ನ ಕೈಯಲ್ಲಿತ್ತು. ಕಟ್ಟಳೆ ಮರೆತಿದ್ದೆ ಎಂದರೆ ನೀನು ನಂಬಿಯೂ ಬಿಡುತ್ತೀ. ಮರೆತಿರಲಿಲ್ಲ. ಸುಶ್ಮಿತಾ, "ಈ ಗಲೀಜು ಮೊದಲ ತಗೀರಿ ಮೇಡಂ" ಅಂದಳು. ಅವರೆಲ್ಲರ ಮುಂದೆ ಕುಣಿಗಿಳಿದು ಕೂತು, ನಾನೂ ಈ ಓಣಿಯವಳೇ ಎಂದು ಹೇಳಿ, ಆ ನಾರುವ ಎಳೆಗಳನ್ನು ಒಂದೊಂದಾಗಿ ತೊಳೆಯಲು ನಾನು ಹೇಸಿದೆ. ನಾಲ್ಕು ಸಲ ಕತ್ತರಿ ಆಡಿಸಿದೆ, ಮುಗಿಯಿತು.

ನಿನ್ನವ್ವ ಹಣಿಗೆಯ ಮುಂದೆ ನಿಂತಿದ್ದಾಗಲೇ, ಪಕ್ಕದ ಮನೆಗೆ ಹೊಸದಾಗಿ ಬಂದಿರುವ ನೇಕಾರ ಆನಂದ ಬಾಗಿಲಲ್ಲಿ ನಿಂತು, "ಯಾರ ಕತ್ತರಿಸಿದ್ರಿ ಇದನ್ನ?" ಎಂದು ಚೀರಿದ. ನನ್ನ ಕೈಯಲ್ಲಿ ಕತ್ತರಿ ಇನ್ನೂ ಇತ್ತು. ಒಂಬತ್ತನೆಯ ವಯಸ್ಸಿನಲ್ಲಿ ನನ್ನನ್ನು ಅದೇ ಮಗ್ಗದ ಮುಂದೆ ಕೂರಿಸಿ, ನಿನ್ನ ಜೊತೆಗೇ ನನಗೂ ಎಳೆ ಕೆಚ್ಚಲು ಕಲಿಸಿದವಳು ನಿನ್ನವ್ವ. ಅವಳು ನನ್ನ ಮುಖ ನೋಡಲಿಲ್ಲ.

"ಬೈಬ್ಯಾಡೋ ಅವರನ್ನ," ಅಂದಳು, "ಅವರು ಗದಗಿನ ಸಾಲಿ ಬಾಯಾರು. ಮಗ್ಗದ್ದು ಅವರಿಗೇನು ಗೊತ್ತು?"

ಆನಂದ ನನ್ನ ಕಡೆ ನೋಡಿದ. ನಾನು ಹೌದೆಂದು ತಲೆಯಾಡಿಸಿದೆ.