ಗೋಲು ಹೊಡೆದದ್ದಕ್ಕೆ ನೋಟಿಸು

ಅಳಿವೆಕೇರಿ ಫ್ರೆಂಡ್ಸ್ ಫುಟ್ಬಾಲ್ ಸಂಘದ ಅಧ್ಯಕ್ಷರಿಗೆ,

ಮಾನ್ಯರೇ, ನಮ್ಮ ತಂಡ ಈ ಮಳೆಗಾಲದಲ್ಲಿ ಎಂಟು ಪಂದ್ಯ ಆಡಿ ಒಂದು ಗೋಲು ಹೊಡೆಯಿತು. ಆ ಒಂದು ಗೋಲು ಹೊಡೆದ ಹುಡುಗನಿಗೆ ತಾವು ಕಾರಣ ಕೇಳಿ ನೋಟಿಸು ಕೊಟ್ಟಿರಿ; ಉಳಿದ ಟೂರ್ನಿಯಿಂದ ಹೊರಗಿಟ್ಟಿರಿ. ಗೋಲು ಹೊಡೆಯದ ಉಳಿದ ಹತ್ತು ಮಂದಿಗೆ ಯಾವ ನೋಟಿಸೂ ಬಂದಿಲ್ಲ. ಅವರು ಶಿಸ್ತಿನ ಆಟಗಾರರು ಎಂದು ಸಂಘದ ಫಲಕದಲ್ಲಿ ಅಭಿನಂದನೆ ಬರೆಯಲಾಗಿದೆ. ಸೀಮೆಸುಣ್ಣದ ಅಕ್ಷರ ಬಹಳ ಅಂದವಾಗಿದೆ, ಅದನ್ನು ಮೊದಲು ಒಪ್ಪಿಕೊಳ್ಳುತ್ತೇನೆ.

ಈ ಪತ್ರವನ್ನು ತಮ್ಮ ಕೈಗೆ ಕೊಡದೆ ಎಲ್ಲರೂ ಓದುವಂತೆ ಬರೆಯುತ್ತಿರುವುದಕ್ಕೆ ಕಾರಣವಿದೆ. ಕಳೆದ ಮೂರು ವರ್ಷದಲ್ಲಿ ತಮ್ಮ ಕೈಗೆ ಕೊಟ್ಟ ನಾಲ್ಕು ಪತ್ರಗಳಿಗೆ ಉತ್ತರ ಬರಲಿಲ್ಲ. ಅವು ತಮ್ಮ ಮೇಜಿನಲ್ಲಿ ಕ್ಷೇಮವಾಗಿವೆ ಎಂದು ನಂಬಿದ್ದೇನೆ.

ನಾನು ಯಾರು ಎಂದು ತಾವು ಸಭೆಯಲ್ಲಿ ಕೇಳಿದಿರಂತೆ. ನಾನು ವನಜ. ಪೇಟೆಯಲ್ಲಿ ಹಸಿಮೀನು ಮಾರುವ ಹೆಂಗಸರ ಸಂಘದ ಕಾರ್ಯದರ್ಶಿ. ರೇಷನ್ ಕಾರ್ಡಿನಿಂದ ಹಿಡಿದು ವಿಧವಾ ವೇತನದವರೆಗೆ ಊರಿನ ಅರ್ಜಿಗಳನ್ನೆಲ್ಲ ಬರೆದುಕೊಡುವವಳು. ನನ್ನ ಗಂಡ ರಾಜೀವ 1996ರ ನಮ್ಮ ಮೊದಲ ತಂಡದ ಗೋಲ್‌ಕೀಪರ್. ಮೊಣಕಾಲು ಹೋದ ಮೇಲೆ ಅವರು ಮೈದಾನಕ್ಕೆ ಬರುವುದು ನಿಲ್ಲಿಸಿದರು, ನಾನು ನಿಲ್ಲಿಸಲಿಲ್ಲ. ಮಳೆಗಾಲಕ್ಕೆ ಬೋಟುಗಳೆಲ್ಲ ದಡ ಹತ್ತಿ ಹುಡುಗರ ಕೈಕಾಲು ಬಿಡುವಾಗುವ ಆ ಎರಡು ತಿಂಗಳು, ಹನ್ನೆರಡು ವರ್ಷದಿಂದ, ಒಂದು ಪಂದ್ಯವನ್ನೂ ತಪ್ಪಿಸಿಲ್ಲ. ಹೆಂಗಸಿಗೆ ಫುಟ್ಬಾಲಿನ ಬಗ್ಗೆ ಏನು ಗೊತ್ತು ಎಂದು ತಾವು ಕೇಳಿದ್ದೂ ನನ್ನ ಕಿವಿಗೆ ಬಿದ್ದಿದೆ. ಹೆಚ್ಚೇನಿಲ್ಲ. ಎದುರಿನ ಗೋಲಿಗೆ ಚೆಂಡು ಹೋದರೆ ಮಾತ್ರ ಲೆಕ್ಕ ಎನ್ನುವಷ್ಟು ಗೊತ್ತು.

ಈಗ ತರಬೇತುದಾರರ ವಿಷಯಕ್ಕೆ ಬರುತ್ತೇನೆ. ಈ ತಂಡ ಕಟ್ಟಿದವರು ಕುಷ್ಟ. ಮುಂಬಯಿಯ ಕ್ಯಾಂಟೀನಿನಲ್ಲಿ ಒಂಬತ್ತು ವರ್ಷ ದುಡಿದು, ಸಂಜೆ ಹೊತ್ತು ಅಲ್ಲಿನ ಹಡಗುಕಟ್ಟೆಯ ತಂಡದಲ್ಲಿ ಆಡಿ, ಊರಿಗೆ ವಾಪಸು ಬಂದು ಬೋಟು ಹತ್ತಿದವರು. ಅವರು ನನ್ನ ಗಂಡನ ಅಣ್ಣ. ಆದ್ದರಿಂದಲೇ ನಾನು ಅವರ ಪರ ಮಾತಾಡುತ್ತೇನೆ ಎಂದು ತಾವು ಹೇಳುವ ಮೊದಲೇ ತಿಳಿಸಿಬಿಡುತ್ತೇನೆ: ಬೇಲಿಯ ಮೇಲಿನ ಒಂದು ತೆಂಗಿನಮರದ ವಿಷಯಕ್ಕೆ ನಮ್ಮ ಎರಡು ಮನೆಗಳ ನಡುವೆ ಹನ್ನೊಂದು ವರ್ಷ ಮಾತಿರಲಿಲ್ಲ. ಅವರ ತಂಡ ಗೋಲು ಹೊಡೆದಾಗ ಚಪ್ಪಾಳೆ ತಟ್ಟುತ್ತಿದ್ದೆ, ಅವರು ಎದುರು ಬಂದರೆ ಮುಖ ತಿರುಗಿಸುತ್ತಿದ್ದೆ. ಅಂಥ ನಾನು ಹೇಳುತ್ತಿದ್ದೇನೆ, 2004ರಲ್ಲಿ ಅವರ ಕೈಕೆಳಗೆ ನಮ್ಮ ಹುಡುಗರು ಇಪ್ಪತ್ತಮೂರು ಗೋಲು ಹೊಡೆದರು. ಕಪ್ಪು ತಂದರು. ಆ ಕಪ್ಪು ಈಗ ತಮ್ಮ ಮನೆಯ ಶೋಕೇಸಿನಲ್ಲಿದೆ.

ಮರುವರ್ಷ ಮಳೆಗಾಲ ಮುಗಿದ ಮೇಲೆ ತಾವು ಅಧ್ಯಕ್ಷರಾದಿರಿ. ಪ್ರಮಾಣಪತ್ರ ಇಲ್ಲದವರು ತರಬೇತಿ ಕೊಡಕೂಡದು ಎಂದು ಠರಾವು ಮಾಡಿದಿರಿ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕುಷ್ಟರ ಹತ್ತಿರ ಅಂಥ ಕಾಗದ ಎಲ್ಲಿಂದ ಬರಬೇಕು? ಅವರು ಸೀಟಿಯನ್ನು ಸಂಘದ ಕಿಟಕಿಯ ಮೇಲಿಟ್ಟು ಮನೆಗೆ ಹೋದರು. ಆಮೇಲೆ ತಾವು ಕರೆತಂದ ಮಹನೀಯರ ಹತ್ತಿರ ನಿಜಕ್ಕೂ ಪ್ರಮಾಣಪತ್ರವಿತ್ತು, ವಾಲಿಬಾಲಿನದ್ದು. ಚೆಂಡು ಚೆಂಡೇ ಅಲ್ಲವೇ ಎಂದು ತಾವು ಸಮಾಧಾನ ಹೇಳಿದಿರಿ. ಆ ವರ್ಷ ನಮ್ಮ ಹುಡುಗರು ಚೆಂಡು ಮೇಲೆ ಬಂದಾಗಲೆಲ್ಲ ಕೈ ಎತ್ತಿ ಏಳು ಪೆನಾಲ್ಟಿ ಕೊಟ್ಟರು. ನಂತರ ಮಂಗಳೂರು ಕಡೆಯಿಂದ ಒಬ್ಬರು ಬಂದರು, ಆಟ ಬಲ್ಲವರು. ತಾವು ಮೈದಾನಕ್ಕೆ ಬಂದಾಗ ಅವರು ಅಭ್ಯಾಸ ನಿಲ್ಲಿಸಿ ನಮಸ್ಕಾರ ಮಾಡಲಿಲ್ಲವಂತೆ. ನಾಲ್ಕನೇ ಪಂದ್ಯಕ್ಕೆ ಅವರು ಇರಲಿಲ್ಲ. ಅವರ ಬದಲಿಗೆ ಬಂದವರು ತಮ್ಮ ನೆರೆಮನೆಯ ಅಳಿಯ. ರಜೆಯ ಮೇಲೆ ಬಂದಿದ್ದರು, ರಜೆ ಮುಗಿಯಿತು, ಹೋದರು.

ಹೀಗೆ ಬದಲಾಯಿಸಿ ಬದಲಾಯಿಸಿ ಈ ವರ್ಷದ ತರಬೇತುದಾರರ ತನಕ ಬಂದೆವು. ಒಂಬತ್ತು ಜನ ಹಿಂದೆ, ಒಬ್ಬ ನಡುವೆ, ಗೋಲಿನಲ್ಲಿ ಒಬ್ಬ. ಮುಂದೆ ಯಾರು ಎಂದು ನಾನು ಕೇಳಿದ್ದಕ್ಕೆ, "ಮೊದಲು ಸೋಲದೆ ಇರುವುದನ್ನು ಕಲಿಯಬೇಕಮ್ಮ, ಗೆಲ್ಲುವುದು ಆಮೇಲೆ" ಎಂದರು. ಕಲಿತೆವು ಸ್ವಾಮಿ. ಐದು ಪಂದ್ಯ ಗೋಲಿಲ್ಲದೆ ಸಮ, ಒಂದು ಸೋಲು. ಬಿಜೂರಿನ ತಂಡದ ಮೇಲಿನ ಪಂದ್ಯದಲ್ಲಿ ಅವರ ಗೋಲ್‌ಕೀಪರ್ ಅರ್ಧ ಹೊತ್ತು ಕೊಡೆ ಬಿಡಿಸಿಕೊಂಡು ನಿಂತಿದ್ದ. ರೆಫರಿ ಆಕ್ಷೇಪಿಸಲಿಲ್ಲ. ಆ ಕೀಪರನಿಗೆ ಬೇರೆ ಕೆಲಸವಾದರೂ ಎಲ್ಲಿತ್ತು?

ಸುಧೀರನ ವಿಷಯ ಇಲ್ಲಿಂದ ಶುರುವಾಗುತ್ತದೆ. ಅವನು ನನ್ನ ಜೊತೆ ಮೀನು ಮಾರುವ ಸರೋಜಕ್ಕನ ಮಗ. 2004ರ ಇಪ್ಪತ್ತಮೂರರಲ್ಲಿ ಹನ್ನೊಂದು ಗೋಲು ಅವನದ್ದು. ಆಗ ಅವನಿಗೆ ಹದಿನೇಳು ವರ್ಷ. ತಂಡದಲ್ಲಿ ಅವನಷ್ಟು ಜೋರಾಗಿ ಓಡುವವರು ಇನ್ನೊಬ್ಬರಿಲ್ಲ. ಆದ್ದರಿಂದ ಹೊಸ ತರಬೇತುದಾರರು ಅವನನ್ನು ನಮ್ಮದೇ ಗೋಲಿನ ಮುಂದೆ ನಿಲ್ಲಿಸಿ, ಅಲ್ಲಿಂದ ಕದಲಬಾರದು ಎಂದು ಅಪ್ಪಣೆ ಕೊಟ್ಟರು. ಆರು ಪಂದ್ಯ ಅವನು ಕದಲಲಿಲ್ಲ. ಪ್ರತಿ ಪಂದ್ಯ ಮುಗಿದ ಮೇಲೆ ಅವನ ಅಂಗಿ ಮಳೆಗೆ ನೆನೆದಿರುತ್ತಿತ್ತೇ ಹೊರತು ಕೆಸರು ಮುಟ್ಟಿರುತ್ತಿರಲಿಲ್ಲ. ಒಗೆಯುವ ಕೆಲಸ ಕಮ್ಮಿಯಾಯಿತು ಎಂದು ಸರೋಜಕ್ಕ ಹೇಳಿದರು. ಹೇಳುವಾಗ ನಗಲಿಲ್ಲ.

ಏಳನೇ ಪಂದ್ಯ ಕೋಟೇಶ್ವರದ ತಂಡದ ಮೇಲೆ. ಗೆದ್ದರೆ ಸೆಮಿಫೈನಲ್, ಇಲ್ಲದಿದ್ದರೆ ಮನೆ. ಇನ್ನು ಐದು ನಿಮಿಷ ಉಳಿದಿತ್ತು. ನಾವು ಮುಂದೆ ಬರುವವರಲ್ಲ ಎಂದು ಎದುರಾಳಿಗಳಿಗೆ ಅಷ್ಟರಲ್ಲಿ ಖಾತ್ರಿಯಾಗಿತ್ತು. ಎಲ್ಲರೂ ನಮ್ಮ ಗೋಲಿನ ಹತ್ತಿರವೇ ಬಂದು ಸೇರಿದ್ದರು. ಯಾರದೋ ಕಾಲಿಗೆ ತಾಗಿದ ಚೆಂಡು ಸುಧೀರನ ಎದುರು ಬಂದು ನಿಂತಿತು. ಅವನು ತಲೆ ಎತ್ತಿ ನೋಡಿದ. ಅಷ್ಟು ದೊಡ್ಡ ಮೈದಾನದಲ್ಲಿ ಅವನಿಗೂ ಆಚೆಯ ಗೋಲ್‌ಕೀಪರನಿಗೂ ನಡುವೆ ಮಳೆಯ ಹೊರತು ಏನೂ ಇರಲಿಲ್ಲ. ಓಡಿದ.

ತರಬೇತುದಾರರು ಗೆರೆಯ ಉದ್ದಕ್ಕೂ ಅವನ ಜೊತೆ ಓಡುತ್ತ "ಹಿಂದೆ ಬಾ, ಹಿಂದೆ ಬಾ" ಎಂದು ಕೂಗುತ್ತಿದ್ದರು. ಪಕ್ಕದಲ್ಲಿದ್ದ ಸರೋಜಕ್ಕ ನನ್ನ ಕೈ ಹಿಡಿದುಕೊಂಡರು.

"ವನಜಾ, ಅವ್ನ್ ಎಲ್ಲಿಗ್ ಹೋತಾ ಇದ್ದ?"

"ಗೋಲಿಗೆ."

"ಹಾಂಗ್ ಹೋಪುಕ್ ಆತ್ತಾ?"

ನೋಡಿ ಮಾನ್ಯರೇ, ಮೂರು ವರ್ಷದಲ್ಲಿ ತಾವು ಮಾಡಿದ ಸಾಧನೆ ಇದು. ಹನ್ನೊಂದು ಗೋಲು ಹೊಡೆದವನ ತಾಯಿಗೇ, ಗೋಲಿನ ಕಡೆ ಹೋಗುವುದು ತಪ್ಪೋ ಏನೋ ಎಂಬ ಅನುಮಾನ ಬಂದಿತ್ತು.

ಚೆಂಡು ಒಳಗೆ ಹೋಯಿತು. ನಾವು ಗೆದ್ದೆವು. ಅವನ ಮೈ ತುಂಬ ಕೆಸರಾಗಿತ್ತು, ಹುಡುಗರು ಅವನನ್ನು ಹೊತ್ತುಕೊಂಡು ಬಸ್ಸಿನ ತನಕ ಬಂದರು. ಮರುದಿನ ನೋಟಿಸು. "ನಿಗದಿಪಡಿಸಿದ ಸ್ಥಾನವನ್ನು ಪೂರ್ವಾನುಮತಿ ಇಲ್ಲದೆ ತೊರೆದು ಎದುರಾಳಿ ಆವರಣವನ್ನು ಪ್ರವೇಶಿಸಿರುವ ಬಗ್ಗೆ ಲಿಖಿತ ವಿವರಣೆ ನೀಡತಕ್ಕದ್ದು." ಎದುರಾಳಿ ಆವರಣ! ಅವನು ತೆಂಗಿನಕಾಯಿ ಕದಿಯಲು ಹೋಗಿದ್ದನೇ? ಉತ್ತರ ಬರೆಸಲು ಅವನು ನನ್ನ ಹತ್ತಿರವೇ ಬಂದ. ಎರಡು ಪುಟ ಬರೆಯುವ ಎಂದು ನಾನು ಕಾಗದ ತೆಗೆದೆ. ಅವನು ಬೇಡವೆಂದ. "ಎದ್ರ್ ಯಾರೂ ಇರ್ಲಿಲ್ಲ, ಹೋಯ್ದೆ. ಅಷ್ಟೇ ಬರಿ ಅಕ್ಕ." ಅದನ್ನೇ ಪುಸ್ತಕದ ಕನ್ನಡದಲ್ಲಿ ಬರೆದು ಸಹಿ ಹಾಕಿಸಿದೆ. ವಿವರಣೆ ತೃಪ್ತಿಕರವಾಗಿಲ್ಲ ಎಂದು ತಾವು ತೀರ್ಮಾನಿಸಿದಿರಿ. ನಾನು ಬರೆದ ಅರ್ಜಿಗಳಲ್ಲಿ ಅದಕ್ಕಿಂತ ನಿಜವಾದದ್ದು ಇನ್ನೊಂದಿಲ್ಲ.

ಸೆಮಿಫೈನಲಿನಲ್ಲಿ ಅವನು ಗೆರೆಯ ಹೊರಗೆ ಕೂತಿದ್ದ. ಮೂರು ಗೋಲು ಹೊಡೆಸಿಕೊಂಡೆವು. ಮೂರು ಗೋಲಾದ ಮೇಲೂ ನಮ್ಮ ಒಬ್ಬ ಆಟಗಾರನೂ ತನ್ನ ಸ್ಥಾನ ಬಿಡಲಿಲ್ಲ. ಶಿಸ್ತು ಎಂದರೆ ಅದು.

ಆ ಸಂಜೆ ನಾನು ಮನೆಗೆ ಹೋಗಲಿಲ್ಲ. ಹನ್ನೊಂದು ವರ್ಷ ತುಳಿಯದ ಅಂಗಳಕ್ಕೆ ಹೋದೆ. ಕುಷ್ಟ ಭಾವ ಜಗಲಿಯಲ್ಲಿ ಬಲೆ ಸರಿಮಾಡುತ್ತ ಕೂತಿದ್ದರು. ಅವರ ಹೆಂಡತಿ ಸೀತಕ್ಕ ನನ್ನನ್ನು ಕಂಡು ಒಂದು ಗಳಿಗೆ ಬಾಗಿಲಲ್ಲೇ ನಿಂತರು. ಆಮೇಲೆ ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟರು. ಒಂದು ಚೂರು ಬೆಲ್ಲ ಬಾಯಿಗೆ ಹಾಕಿ ನೀರು ಕುಡಿದೆ. ಕೊನೆಗೆ ನಾನೇ ಕೇಳಿದೆ.

"ಭಾವ, ನಮ್ ಟೀಮಿನ್ ಆಟ ಕಾಂತಾ ಇದ್ರ್ಯಾ?"

"ಕಾಂತೆ. ಐಸ್ ಪ್ಲಾಂಟಿನ್ ಗ್ವಾಡಿ ಹಿಂದ್ ನಿಂತ್ಕಂಡ್ ಕಾಂತೆ."

"ಹಿಂದ್ ಎಂತಕ್ಕೆ?"

"ಗೆರೆ ಹತ್ರ ನಿಂತ್ರೆ ಮಕ್ಳ್ ಕೋಚ್ನ್ ಬಿಟ್ಟ್ ನನ್ ಮೋರೆ ಕಾಂತೋ, ಬಪ್ಪುದ್ ಬ್ಯಾಡ ಅಂದೇಳಿ ಸಮಿತಿಯರ್ ಹೇಳ್ರ್."

ಮಾನ್ಯರೇ, ಇದು ನನಗೆ ಗೊತ್ತಿರಲಿಲ್ಲ. ಊರಿಗೆ ಫುಟ್ಬಾಲು ತಂದ ಮನುಷ್ಯ ಮೂರು ಮಳೆಗಾಲ ಗೋಡೆಯ ಹಿಂದೆ, ಜನರೇಟರಿನ ಹೊಗೆಕೊಳವೆಯ ಕೆಳಗೆ ನಿಂತು ಆಟ ನೋಡಿದ್ದಾರೆ. ಅದೇ ಮೂರು ಮಳೆಗಾಲ ನಾನು ಗೆರೆಯ ಹತ್ತಿರ ನಿಂತು, ಅವರು ಮುನಿಸಿಕೊಂಡು ಮನೆಯಲ್ಲಿ ಕೂತಿದ್ದಾರೆ ಎಂದುಕೊಂಡಿದ್ದೆ. ಈ ಒಂದು ವಿಷಯದಲ್ಲಿ ತಾವು ಮಾಡಿದ ತಪ್ಪಿನಲ್ಲಿ ನನಗೂ ಪಾಲಿದೆ.

ಏನು ಮಾಡಬೇಕು ಹೇಳಿ ಎಂದೆ. ಅವರು ಬಲೆಯ ಸೂಜಿ ಕೆಳಗಿಟ್ಟರು.

"ಬದಿಯಂಗ್ ಓಡುವರೇ ಇಲ್ಲ, ವನಜ. ಎಲ್ಲರೂ ನಡುಗೆ ನಿಂತಿರ್. ದಡಕ್ ಕೈರಂಪಣಿ ಬಲೆ ಎಳುಕೆ ಎರಡೂ ತುದಿಗ್ ಜನ ಬೇಕಲ್ದಾ? ಇವ್ರ್ ಒಂದ್ ಹಗ್ಗವೂ ಹಿಡುದಿಲ್ಲ, ಮೀನ್ ಎಲ್ಲಿಂದ ಬತ್ತ್? ಚಂದು ಎಡಗಾಲಂಗ್ ಹೊಡಿವ ಮಾಣಿ, ಅವ್ನ್ ಬಲ್ದಿಕ್ಕೆ ನಿಲ್ಸಿರ್. ಸುಧೀರಂಗೆ ಮುಂದ್ ಜಾಗ ಕೊಡ್ಕ್. ಅವ್ನ್ ಜೊತಿಗ್ ಇನ್ನೊಬ್ಬ ಬೇಕ್, ಒಬ್ನೇ ಆರೆ ಸುತ್ತ್ ಕಟ್ತ್ರ್."

"ನೀವೇ ಬನ್ನಿ ಭಾವ. ನಾ ಅಧ್ಯಕ್ಷ್ರಿಗೆ ಬರಿತೆ."

"ನನ್ ಹೆಸ್ರ್ ಬರಿಬ್ಯಾಡ. ಸುಧೀರನ್ ಹೆಸ್ರ್ ಬರಿ. ನಂಗೆ ಗೆರೆ ಹತ್ರ ನಿಲ್ಲುಕ್ ಬಿಟ್ರೆ ಸಾಕ್."

ಅವರ ಹೆಸರು ಬರೆದೇ ಬಿಟ್ಟಿದ್ದೇನೆ. ಅವರು ಬೈದರೆ ಬೈಯಲಿ, ಹನ್ನೊಂದು ವರ್ಷದ ಬೈಗುಳ ಹೇಗೂ ಬಾಕಿ ಇದೆ. ನಾನು ಮನೆಗೆ ಬಂದಾಗ ನನ್ನ ಗಂಡನಿಗೆ ಸುದ್ದಿ ಮುಟ್ಟಿತ್ತು. ಕೋಪ ಮಾಡಬಹುದು ಎಂದುಕೊಂಡೆ. ಅವರು ಮೊಣಕಾಲಿಗೆ ಎಣ್ಣೆ ಹಚ್ಚುತ್ತ, "ಎಂತ ಹೇಳ್ದ ಅಣ್ಣ?" ಎಂದು ಕೇಳಿದರು. ಚಂದುವನ್ನು ಎಡಕ್ಕೆ ಹಾಕಬೇಕಂತೆ ಎಂದೆ. "ಅದ್ ನಾನೂ ಹೇಳಿದ್ನಲೆ," ಎಂದರು. ಆ ಮನೆಯವರನ್ನು ಅವರು ಅಣ್ಣ ಎಂದು ಕರೆದದ್ದನ್ನು ನಾನು ಬಹಳ ವರ್ಷದ ಮೇಲೆ ಕೇಳಿದೆ.

ಇಷ್ಟರಲ್ಲಿ ಶಿರೂರಿನ ತಂಡದವರು ಸುಧೀರನನ್ನು ಕರೆದಿದ್ದಾರೆ. ಅವರಿಗೆ ಮುಂದೆ ಆಡುವವನು ಬೇಕಂತೆ. ಅಂಥ ವಿಚಿತ್ರ ಆಸೆ ಇರುವ ಊರುಗಳು ಇನ್ನೂ ಇವೆ. ತಮ್ಮ ಸಂಘದ ಒಪ್ಪಿಗೆ ಪತ್ರ ಕೋರಿ ಅವನು ಕೊಟ್ಟ ಅರ್ಜಿ ಈಗ ತಮ್ಮ ಮುಂದಿದೆ. ಅಕ್ಷರ ನೋಡಿ ತಮಗೆ ಗೊತ್ತಾಗಿರಬಹುದು, ಅದನ್ನು ಬರೆದವಳೂ ನಾನೇ. ಬರೆಯುವಾಗ ಅವನು ನನ್ನ ಎದುರು ಕೂತು ನೆಲ ನೋಡುತ್ತಿದ್ದ. "ನಮ್ ಊರಿನ್ ಮೇಲೇ ಗೋಲ್ ಹೊಡಿಕಾತ್ತಲ್ದಾ ಅಕ್ಕ" ಎಂದ. ನಾನು ತಾರೀಕು ಹಾಕಿದೆ. ಅರ್ಜಿಯಲ್ಲಿ ಒಂದು ಅಕ್ಷರವೂ ತಪ್ಪಿಲ್ಲ, ಮೂರು ಸಲ ಓದಿದ್ದೇನೆ. ನಮೂನೆ ಸರಿಯಿಲ್ಲ ಎಂದು ತಾವು ಅದನ್ನು ತಿರುಗಿಸುವಂತಿಲ್ಲ. ಮೂರು ವರ್ಷ ಮಲಗಿದ ನನ್ನ ಪತ್ರಗಳ ಜೊತೆ ಅದನ್ನೂ ಮಲಗಿಸಿದರೆ, ಅದರ ಒಂದು ಪ್ರತಿ ಜಿಲ್ಲಾ ಸಮಿತಿಗೆ ಹೋಗುತ್ತದೆ.

ಆದ್ದರಿಂದ ನನ್ನ ಬೇಡಿಕೆ ಇದು. ಗುರುವಾರ ಸಂಜೆ ನಾಲ್ಕಕ್ಕೆ ಮೈದಾನಕ್ಕೆ ಬನ್ನಿ. ನೋಟಿಸನ್ನು ಹುಡುಗರ ಎದುರಿಗೇ ವಾಪಸು ತೆಗೆದುಕೊಳ್ಳಿ. ಸುಧೀರನನ್ನೂ ಇನ್ನೊಬ್ಬನನ್ನೂ ಮುಂದೆ ನಿಲ್ಲಿಸಿ, ಚಂದುವನ್ನು ಎಡಕ್ಕೆ ಹಾಕಿ. ಪ್ರಮಾಣಪತ್ರವಿರುವ ತರಬೇತುದಾರರನ್ನು ಬೇಕಿದ್ದರೆ ಇಟ್ಟುಕೊಳ್ಳಿ, ಕಾಗದ ಅವರ ಕೈಯಲ್ಲಿರಲಿ, ಸೀಟಿ ಕುಷ್ಟ ಭಾವನ ಕೈಯಲ್ಲಿರಲಿ. ಅವರು ಬರುತ್ತಾರೆ, ಕರೆದುಕೊಂಡು ಬರುವುದು ನನ್ನ ಗಂಡನ ಜವಾಬ್ದಾರಿ. ತಾವು ಬಾರದಿದ್ದರೆ ಶುಕ್ರವಾರ ಬೆಳಿಗ್ಗೆ ಹುಡುಗ ಶಿರೂರಿನ ಬಸ್ಸು ಹತ್ತುತ್ತಾನೆ. ಭಾನುವಾರದ ಸ್ನೇಹಪಂದ್ಯದಲ್ಲಿ ಅವರ ತಂಡ ನಮ್ಮ ಮೇಲೆ ಆಡುವಾಗ ಅವನನ್ನು ತಡೆಯಲು ತಮ್ಮ ಒಂಬತ್ತು ಜನ ಸಾಕಾಗುವುದಿಲ್ಲ. ಅವನ ತಾಯಿ ಆ ಕಡೆ ನಿಲ್ಲುತ್ತಾರೆ. ನಾನು ಎಲ್ಲಿ ನಿಲ್ಲಬೇಕು ಎಂಬುದನ್ನು ತಾವೇ ತೀರ್ಮಾನಿಸಿ.

ಇಂತಿ,
ಗೆಲ್ಲುವುದು ಹೇಗಿರುತ್ತದೆ ಎಂದು ಇನ್ನೂ ಮರೆಯಲಾಗದ ತಮ್ಮ ತಂಡದ ಹಳೆಯ ಅಭಿಮಾನಿ,
ವನಜ
ಅಳಿವೆಕೇರಿ, ಆಗಸ್ಟ್ 2008