ಗಂಟಿಲ್ಲದ ಹೊಲಿಗೆ

ಅವ್ವ,

ಇವತ್ತು ಮಿಂಗಾ ಚಿಕ್ಕಮ್ಮ ನನ್ನ ಕಸೂತಿಯನ್ನು ಬೆರಳ ಗೆಣ್ಣುಗಳಿಂದ ಗಸಗಸ ಉಜ್ಜಿದಳು. ಆಮೇಲೆ ಬಿಳಿ ತಟ್ಟೆಯ ಮೇಲೆ ಹಿಡಿದು ಕೊಡವಿದಳು. ಒಂದು ಎಳೆಯೂ ಉದುರಲಿಲ್ಲ. ಇನ್ನೊಮ್ಮೆ ಕೊಡವು ಎಂದು ನಾನೇ ಹೇಳಿದೆ.

ನೀನು ನನಗೆ ಕಲಿಸಲು ಹೊರಟದ್ದು ಇದೊಂದೇ ಹೊಲಿಗೆ. ತಾಳೆನಾರಿನ ಎಳೆಯನ್ನು ನೇಯ್ಗೆಯ ಒಂದು ನೂಲಿನಡಿ ತೂರಿಸಿ, ರಾಗಿಕಾಳಿನಷ್ಟು ತುದಿ ಉಳಿಸಿ ಚಾಕುವಿನಿಂದ ಕತ್ತರಿಸಬೇಕು. ಗಂಟು ಹಾಕಬಾರದು, ನೇಯ್ಗೆಯೇ ಎಳೆಯನ್ನು ಹಿಡಿದುಕೊಳ್ಳುತ್ತದೆ. ನಾನು ಕದ್ದು ಹಾಕುತ್ತಿದ್ದೆ. ನೀನು ಬಟ್ಟೆ ತಿರುಗಿಸಿ, "ನಿಂಗೆ ಬಟ್ಟೆ ಮೇಲೇ ನಂಬಿಕೆ ಇಲ್ವಲ್ಲೇ, ಬುಲಾಪೆ," ಎಂದು ಎಲ್ಲವನ್ನೂ ಬಿಚ್ಚುತ್ತಿದ್ದೆ. ಹದಿನಾರನೇ ವಯಸ್ಸಿನಲ್ಲಿ ನಾನು ಸೂಜಿ ಬಿಸಾಡಿ ಎದ್ದು ಹೋದೆ. ನಿನ್ನನ್ನು ಮಣ್ಣು ಮಾಡುವಾಗ ಉಡಿಸಿದ ಬಟ್ಟೆಯಲ್ಲಿ ನಮ್ಮೂರು ಮುಶೆಂಗೆಯ ಹೆಂಗಸರೆಲ್ಲರ ಕೈಕೆಲಸವಿತ್ತು, ನನ್ನದೊಂದು ಬಿಟ್ಟು.

ಈಗ ನಾನು ಕಸೂತಿ ತುಂಬಿದ್ದು, ಆಗ ನಾವಿಬ್ಬರೂ ಕೂತು ಹೊಲಿಯುತ್ತಿದ್ದ ಆ ಹಳೇ ಬಟ್ಟೆಯ ಖಾಲಿ ಮೂಲೆಯನ್ನು.

ಚಿಕ್ಕಮ್ಮ ಬಟ್ಟೆಯುದ್ದಕ್ಕೂ ಬೆರಳಾಡಿಸಿ ಆ ಮೂಲೆಯಲ್ಲಿ ಒಂದು ಕಡೆ ಬೆರಳು ನಿಲ್ಲಿಸಿದಳು. "ಇಲ್ನೋಡು, ನಿಮ್ಮವ್ವನ ಕೈ ಅಂದ್ರೆ ಇದು. ನೀನು ನೂರು ವರ್ಷ ಕೂತ್ರೂ ಹಿಂಗೆ ಬರಲ್ಲ."

"ಅದು ನಂದು," ಎಂದೆ. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದೆ.

ಅವಳು ಕಣ್ಣು ಕಿರಿದು ಮಾಡಿ ನೋಡಿ ನಕ್ಕಳು. "ಜಂಬ ನೋಡು ಇವಳ್ದು. ನೀನು ಎದ್ದು ಹೋದ್ಮೇಲೆ ನಿಮ್ಮವ್ವ ಬೇರೆ ಹನ್ನೊಂದು ಬಟ್ಟೆ ಮುಗಿಸಿದ್ಲು ಕಣೇ. ಈ ಮೂಲೆ ಮಾತ್ರ ಯಾರಿಗೂ ಮುಟ್ಟೋಕೆ ಬಿಡ್ಲಿಲ್ಲ."

ಬಟ್ಟೆಯನ್ನು ಮಡಿಲಲ್ಲಿ ಹರವಿಕೊಂಡೇ ಇದನ್ನು ಬರೆಯುತ್ತಿದ್ದೇನೆ. ಒಂದೂ ಗಂಟಿಲ್ಲ, ಅವ್ವ. ತಿರುಗಿಸಿ ನೋಡು.